ಎಂಟನೇ ಹಂತದ ಚೀಟಿ

"ಎಂಟನೇ ಕ್ಲಾಸು ದಾಟದವನಿಗೆ ಕಳ್ಳತನಾನೂ ನೆಟ್ಟಗೆ ಬರಲ್ಲ ನೋಡ್ರೋ! ಮರ್ತುಹೋಗುತ್ತೆ ಅಂತ ಬರ್ದಿಟ್ಕೊಂಡಿದಾನೆ!"

ಇಸ್ತ್ರಿ ಮೇಸ್ತ್ರಿ ಇದನ್ನು ಹೇಳಿದ್ದು ಬೆಳಗಿನ ಟೀ ಹೊತ್ತಿನಲ್ಲಿ, ಲಾಂಡ್ರಿಯ ಅಷ್ಟೂ ಜನ ಲೋಟ ಹಿಡಿದು ಸುತ್ತ ಕೂತಿದ್ದಾಗ. ಹೇಳಿಸಿಕೊಂಡವನು ಸೋಪು. ಆರು ವರ್ಷದಿಂದ ವಾಷಿಂಗ್ ಮೆಷಿನ್‌ಗಳಿಗೆ ಸೋಪಿನ ಪುಡಿ ಅಳೆದು ಸುರಿಯುತ್ತಿದ್ದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಅದು ಕಿವಿಗೂ ಹತ್ತಿ, ಎರಡೂ ಕಿವಿ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದವು. ಉತ್ತರ ಕೊಡಲು ಬಾಯಿ ತೆರೆದ. ಬಾಯಿ ತುಂಬ ಬಿಸ್ಕತ್ತಿತ್ತು. ಉತ್ತರವೆಲ್ಲ ಪುಡಿಪುಡಿಯಾಗಿ ಎದುರಿಗಿದ್ದ ಗುಮಾಸ್ತನ ಕನ್ನಡಕದ ಮೇಲೆ ಬಿತ್ತು.

ತಪ್ಪು ಅವನದೇ. ಆ ಲಾಂಡ್ರಿಗೆ ಬರುವುದು ಹೋಟೆಲಿನ ಹಾಸಿಗೆ ಹೊದಿಕೆ, ಆಸ್ಪತ್ರೆಯ ಬಿಳಿ ಕೋಟು, ಊಟ ಬಡಿಸುವವರ ಕಪ್ಪು ಕೋಟು. ಮೆಷಿನ್ನಿಗೆ ಹಾಕುವ ಮುಂಚೆ ಪ್ರತಿಯೊಂದು ಜೇಬನ್ನೂ ಒಳಗಿನದು ಹೊರಗೆ ಮಾಡಿ ನೋಡಲೇಬೇಕು. ಒಂದೇ ಒಂದು ಕಾಗದ ಉಳಿದರೂ ಅದು ಬಿಸಿನೀರಿನಲ್ಲಿ ನಾರುನಾರಾಗಿ ಅಷ್ಟೂ ಬಟ್ಟೆಗೆ ಮೆತ್ತಿಕೊಂಡು, ಕಪ್ಪು ಕೋಟಿಗೆಲ್ಲ ತಲೆಹೊಟ್ಟು ಉದುರಿದ ಹಾಗೆ ಕಾಣುತ್ತದೆ. ಜೇಬು ನೋಡುವವಳು ಜೇಬಕ್ಕ. ಸಿಕ್ಕ ಚೀಟಿಗಳನ್ನೆಲ್ಲ ಅವಳು ಟೀ ಹೊತ್ತಿಗೆ ಎಲ್ಲರೆದುರು ಜೋರಾಗಿ ಓದುತ್ತಾಳೆ. 'ಯಾರದು ಅಂತ ತಿಳೀಬೇಕಲ್ಲ' ಎನ್ನುವುದು ನೆಪ. ಡಾಕ್ಟರು ಮರೆತ ಔಷಧಿ ಪಟ್ಟಿ, ಇನ್ಯಾರೋ ಕೊಡಲಾಗದೆ ಇಟ್ಟುಕೊಂಡ ಪ್ರೇಮಪತ್ರ, ಎಲ್ಲವೂ ಅಲ್ಲಿ ಟೀ ಜೊತೆ ನಂಚಿಕೊಳ್ಳುವ ತಿಂಡಿ.

ಆರು ವರ್ಷ ಊರವರ ಜೇಬಿನ ಸಮಾಚಾರ ಕೇಳಿ ನಕ್ಕ ಸೋಪು ಅವತ್ತು ತನ್ನ ಕೆಲಸದ ಕೋಟನ್ನೇ ಜೇಬು ನೋಡದೆ ಜೇಬಕ್ಕನ ರಾಶಿಗೆ ಎಸೆದಿದ್ದ. ಸಂಜೆ ಯಜಮಾನರು ಬರುವವರಿದ್ದರು, ಅವರೆದುರು ಒಗೆದ ಕೋಟಿನಲ್ಲಿ ನಿಲ್ಲಬೇಕು ಎಂಬ ಆಸೆ.

ಆಸೆಗೆ ಕಾರಣವಿತ್ತು. ಉಗ್ರಾಣ ನೋಡಿಕೊಳ್ಳುತ್ತಿದ್ದ ಬೀಗದ ತಾತನಿಗೆ ಅದು ಕೆಲಸದ ಕೊನೆಯ ದಿನ. ಸಂಜೆ ಐದಕ್ಕೆ ಉಗ್ರಾಣದ ಕೀಲಿಗೊಂಚಲು ಬೇರೆಯವರ ಕೈಗೆ ಹೋಗಬೇಕು. ಕೀಲಿಯ ಜೊತೆ ಕಿಟಕಿ ಪಕ್ಕದ ಒಂದು ಕುರ್ಚಿಯೂ ಬರುತ್ತದೆ. ಇಡೀ ಲಾಂಡ್ರಿಯಲ್ಲಿ ಕೆಲಸದ ಹೊತ್ತಿನಲ್ಲಿ ಕೂರಬಹುದಾದ ಕುರ್ಚಿ ಅದೊಂದೇ. ಹೋದ ವಾರ ಯಜಮಾನರು ಹೋಗುತ್ತಾ ಹೋಗುತ್ತಾ, "ನೋಡೋಣ, ಸೋಪು ಇದಾನಲ್ಲ" ಅಂದಿದ್ದರು. ಆ ಒಂದು ಮಾತನ್ನು ಸೋಪು ಅಮ್ಮನಿಗೆ ಹೇಳಿದ, ಅಮ್ಮ ಬೀದಿಗೆ ಹೇಳಿದಳು, ಬೀದಿ ಅಕ್ಕನ ಗಂಡನಿಗೆ ಹೇಳಿತು. ಭಾವ ಫೋನ್ ಮಾಡಿ, "ಕುರ್ಚಿ ಮೇಲೆ ಕೂತಿರೋ ಫೋಟೋ ಕಳ್ಸಪ್ಪಾ, ಆಮೇಲೆ ನಂಬ್ತೀನಿ" ಅಂದಿದ್ದ. ಅಂದಿನಿಂದ ಸೋಪುವಿಗೆ ಕುರ್ಚಿ ಕನಸಿನಲ್ಲೂ ಬರುತ್ತಿತ್ತು, ಅದರ ಮೇಲೆ ಭಾವ ಕೂತಿರುತ್ತಿದ್ದ.

ಜೇಬಕ್ಕ ಓದಿದ ಚೀಟಿಯಲ್ಲಿ ಇದ್ದದ್ದು ಇಷ್ಟು:

'ದಪ್ಪನವನು ಊಟ ಆದಮೇಲೆ ಗೋಡೆಗೆ ಒರಗುತ್ತಾನೆ. ಇಪ್ಪತ್ತು ಎಣಿಸುವ ತನಕ ಕಣ್ಣು ಬಿಡುವುದಿಲ್ಲ. ಕನ್ನಡಕದವನು ಯಾರೂ ಇಲ್ಲದಾಗ ಪೆಟ್ಟಿಗೆ ತೆರೆಯುತ್ತಾನೆ. ಹೆಂಗಸು ಬಟ್ಟೆ ರಾಶಿಯ ಕೆಳಗೆ ಬಚ್ಚಿಡುತ್ತಾಳೆ, ನೋಡಿದ್ದೇನೆ. ಗಾಡಿಯವನು ಹಿಂಬಾಗಿಲಿಗೆ ಎರಡು ಸಲ ಬರುತ್ತಾನೆ. ಎರಡನೇ ಸಲ ಬಂದದ್ದು ಯಾರಿಗೂ ಗೊತ್ತಿಲ್ಲ. ಕೀಲಿ ಮುದುಕನ ಸೊಂಟದಲ್ಲಿದೆ, ಹಿಂದಿನಿಂದ ಹೋಗಬೇಕು. ದೊಡ್ಡ ಮನುಷ್ಯ ಬರುವುದರೊಳಗೆ ಮುಗಿಸಬೇಕು.'

ಓದುತ್ತಾ ಓದುತ್ತಾ ಜೇಬಕ್ಕನ ದನಿ ಕುಗ್ಗುತ್ತಾ ಬಂತು. 'ಹೆಂಗಸು' ಎನ್ನುವಲ್ಲಿಗೆ ಬಂದಾಗ ಅವಳಿಗೆ ಕೆಮ್ಮು ಹತ್ತಿತು. ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. ಬೀಗದ ತಾತ ಸೊಂಟ ಮುಟ್ಟಿ ನೋಡಿಕೊಂಡ. ಮೇಸ್ತ್ರಿಯೊಬ್ಬ ಮಾತ್ರ ತನ್ನ ಹೊಟ್ಟೆ ಸವರಿಕೊಂಡು ಆ ಅವಮಾನದ ಮಾತು ಎಸೆದ.

ಬಿಸ್ಕತ್ತು ನುಂಗಿ ಸೋಪು ಕೂಗಿದ. "ಅದು ಆಟ ಮಾರಾಯ್ರೇ! ಫೋನಲ್ಲಿ ಆಡೋ ಆಟ! ಅದ್ರಲ್ಲಿ ಒಬ್ಬ ದೊಡ್ಡ ಕಳ್ಳ ಇರ್ತಾನೆ, ಅವ್ನೇ ನಾನು..."

"ಕೇಳಿದ್ರಾ? ಬಾಯಾರೆ ಒಪ್ಕೊಂಡ" ಎಂದ ಮೇಸ್ತ್ರಿ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ತುರುಕಿದ. "ಇದು ಸಂಜೆ ಯಜಮಾನರ ಕೈಗೆ. ಉಗ್ರಾಣದ ಕೀಲಿ ಬೇಕಂತೆ ಕೀಲಿ!"

ನಿಜಕ್ಕೂ ಅದು ಆಟವೇ. ಆ ಆಟದಲ್ಲಿ ಯಾರನ್ನೂ ಕೊಲ್ಲುವ ಹಾಗಿಲ್ಲ, ಯಾರ ಜೊತೆಯೂ ಹೊಡೆದಾಡುವ ಹಾಗಿಲ್ಲ. ದೊಡ್ಡ ದೊಡ್ಡ ಬಂಗಲೆಗಳಿಗೆ ನುಗ್ಗಬೇಕು, ದೀಪದ ಬೆಳಕಿಗೆ ಬೀಳಬಾರದು, ಕಲ್ಲುನೆಲ ಬಿಟ್ಟು ರತ್ನಗಂಬಳಿಯ ಮೇಲೆ ಹೆಜ್ಜೆ ಇಡಬೇಕು, ಕಾವಲುಗಾರ ಬೆನ್ನು ತಿರುಗಿಸಿದಾಗ ಅವನ ಸೊಂಟದ ಕೀಲಿ ಎಗರಿಸಬೇಕು. ಶಾಲೆಯಲ್ಲಿ ಎಂಟಕ್ಕೆ ನಿಂತ ಸೋಪು ಆಟದಲ್ಲೂ ಎಂಟನೇ ಹಂತಕ್ಕೇ ನಿಂತಿದ್ದ. ಯಾರು ಯಾವಾಗ ಎಲ್ಲಿ ಸುತ್ತುತ್ತಾರೆ ಎಂದು ಮೂರು ದಿನ ಕಣ್ಣಿಟ್ಟು ನೋಡಿ ಬರೆದುಕೊಂಡ ಚೀಟಿ ಅದು. ಅವನಿಗೆ ಆ ಆಟದ ಹುಚ್ಚು ಹಿಡಿದದ್ದಕ್ಕೂ ಕಾರಣವಿತ್ತು. ಆರು ವರ್ಷದಿಂದ ಲಾಂಡ್ರಿಯಲ್ಲಿ ಅವನು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲ್ಲಿ ಅದನ್ನು ಹಣೆಬರಹ ಅನ್ನುತ್ತಿದ್ದರು, ಆಟದಲ್ಲಿ ಅದಕ್ಕೇ ಪೂರ್ತಿ ಅಂಕ ಕೊಡುತ್ತಿದ್ದರು.

ಆದರೆ ತೋರಿಸಲು ಫೋನ್ ಕೈಯಲ್ಲಿರಲಿಲ್ಲ. ಮೂರು ಫೋನು ಹೊದಿಕೆಗಳ ಜೊತೆ ಒಗೆದುಹೋದ ಮೇಲೆ, ಊಟದ ಹೊತ್ತು ಬಿಟ್ಟು ಸಂಜೆಯ ತನಕ ಎಲ್ಲರ ಫೋನೂ ಬಾಗಿಲ ಹತ್ತಿರದ ಬುಟ್ಟಿಯಲ್ಲಿರಬೇಕು ಎಂದು ಯಜಮಾನರು ಅಪ್ಪಣೆ ಮಾಡಿದ್ದರು.

ಟೀ ಮುಗಿದು ಕಾಲು ಗಂಟೆಯಾಗಿರಲಿಲ್ಲ, ಜೇಬಕ್ಕ ಎರಡನೇ ಮೆಷಿನ್ನಿನ ಪಕ್ಕ ಬಂದು ನಿಂತಳು. ಕೈಯಲ್ಲಿ ಒದ್ದೆ ಟವಲ್ಲು. ಅದನ್ನು ಹಿಂಡುತ್ತಿದ್ದ ರೀತಿ ನೋಡಿದರೆ ಟವಲ್ಲೇ ಏನೋ ತಪ್ಪು ಮಾಡಿದೆ ಅನ್ನಿಸುವಂತಿತ್ತು.

"ಸೋಪೂ... ಪೆನ್ನು ತಾನೇ ಕಣೋ. ಪೆನ್ನು ಕೇಳ್ಕೊಂಡು ಯಾರಾದ್ರೂ ಬರ್ತಾರಾ?"

"ಯಾವ ಪೆನ್ನು ಅಕ್ಕಾ?"

"ಗೊತ್ತಿಲ್ದೋನ ಥರ ಆಡ್ಬೇಡ. ನೋಡಿದೀನಿ ಅಂತ ಬರ್ದಿದೀಯಲ್ಲ! ಮೂಲೆ ರಾಶಿ ಕೆಳಗೆ ಇಟ್ಟಿದ್ದು."

"ಎಷ್ಟಿದಾವೆ?"

"ಮುನ್ನೂರಿರಬೋದು" ಎಂದಳು ಜೇಬಕ್ಕ ನೆಲ ನೋಡುತ್ತಾ. "ನಾಲ್ಕು ಬಣ್ಣ ಬರೋ ಪೆನ್ನೊಂದಿದೆ. ಬೇಕಾದ್ರೆ ನೀನಿಟ್ಕೊ. ಸಂಜೆ ಯಜಮಾನ್ರು 'ಇವನು ಹ್ಯಾಗೆ' ಅಂತ ಕೇಳ್ತಾರಲ್ಲ, ನಾನು ಚಿನ್ನ ಅಂತೀನಿ. ನೀನು ಬಾಯಿ ಮುಚ್ಕೊಂಡಿರು."

ಯಾರಿಗೇ ಹೊಸ ಕೆಲಸ ಕೊಡುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೊಂದು ಮಾತು ಕೇಳುವುದು ಯಜಮಾನರ ಪದ್ಧತಿ. ಸೋಪು ಕಣ್ಣು ಪಿಳಿಪಿಳಿ ಬಿಟ್ಟ. ಅವನು ಏನಾದರೂ ಹೇಳುವುದರೊಳಗೆ ಅವಳು ಮಾಯ.

ಆಮೇಲೆ ಬಂದವನು ಗುಮಾಸ್ತ. ಬಟ್ಟೆಗೆ ನಂಬರಿನ ಚೀಟಿ ಕಟ್ಟಿ, ಒಗೆದದ್ದನ್ನು ಪೆಟ್ಟಿಗೆಗೆ ತುಂಬುವುದು ಅವನ ಕೆಲಸ. ಬಿಸ್ಕತ್ತಿನ ಪುಡಿ ಒರೆಸಿದ ಕನ್ನಡಕ ಮತ್ತೊಮ್ಮೆ ಒರೆಸಿಕೊಂಡ. "ಪೆಟ್ಟಿಗೆ ತೆರೀತಾನೆ ಅಂತ ಬರೆದ್ರಲ್ಲಪ್ಪಾ, ಅದು ಭಾನುವಾರಕ್ಕೆ ಮಾತ್ರ. ನನ್ನ ಷಡ್ಡಕನ ಪೊಗರು ನಿಮಗೆ ಗೊತ್ತಿಲ್ಲ. ಅವನ ಮುಂದೆ ಒಂದು ಒಳ್ಳೆ ಕೋಟು ಹಾಕ್ಕೊಂಡು ಹೋಗ್ಬೇಡ್ವಾ? ಸೋಮವಾರ ಮತ್ತೆ ತೊಳೆಯೋಕೆ ಹಾಕ್ತೀನಲ್ಲ!"

ಆರು ವರ್ಷ 'ನೀನು' ಅಂದವನ ಬಾಯಲ್ಲಿ ಇವತ್ತು ಬಹುವಚನ. ಸೋಪುವಿಗೆ ಅದಕ್ಕಿಂತ ಇನ್ನೊಂದು ವಿಷಯ ಹೊಳೆಯಿತು. "ಅದಕ್ಕೇನಾ ಪ್ರತಿ ಸೋಮವಾರ ಹೋಟೆಲ್ ಮ್ಯಾನೇಜರ್ರ ಆ ಬೂದಿ ಬಣ್ಣದ ಕೋಟು ಎರಡನೇ ಸಲ ಬರ್ತಿತ್ತು? ಅದ್ರ ಕಾಲರ್ ಉಜ್ಜಿ ಉಜ್ಜಿ ನನ್ನ ಬೆರಳು ಸವೆದಿದೆಯಲ್ರೀ!"

"ಮೆಲ್ಲಗೆ, ಮೆಲ್ಲಗೆ" ಎಂದು ಗುಮಾಸ್ತ ಕೈಮುಗಿದ. "ಸಂಜೆ ನಿಮ್ಮನ್ನ ಆಕಾಶಕ್ಕೆ ಏರಿಸ್ತೀನಿ."

ವ್ಯಾನಿನ ಡ್ರೈವರಣ್ಣ ಬಂದಾಗ ಹೆಗಲ ಮೇಲೆ ಕೈ ಹಾಕಿಕೊಂಡೇ ಬಂದ. "ಎರಡನೇ ಸಲ ಬರೋದು ನೀನೊಬ್ನೇ ನೋಡಿದ್ದು ಅಂತಾಯ್ತು. ಜನ ಹೇಳೋ ಹಾಗೆ ಇಡೀ ಬೀದಿ ಬಟ್ಟೆ ತರ್ತಿಲ್ಲ ಕಣೋ ನಾನು. ಬರೀ ನಮ್ಮ ಸಾಲು. ಹದಿನಾಲ್ಕು ಮನೆ."

"ಹದಿನಾಲ್ಕು ಮನೆ ಬಟ್ಟೆ ನಾನು ತೊಳೀತಿದೀನಾ?"

"ನಮ್ಮ ಸಾಲಲ್ಲಿ ನಿಂಗೆ ಒಳ್ಳೇ ಹೆಸರಿದೆ, ಗೊತ್ತಾ? ಕೊಳೆ ಒಂಚೂರು ಉಳಿಯಲ್ಲ ಅಂತಾರೆ."

ಮಡಿಸುವ ಹೆಂಗಸರಿಬ್ಬರು ಒಟ್ಟಿಗೆ ಬಂದರು. ಚೀಟಿಯಲ್ಲಿ ಇದ್ದದ್ದು ಒಬ್ಬಳೇ ಹೆಂಗಸು. ಜೇಬಕ್ಕನನ್ನೂ ಸೇರಿಸಿ ಲಾಂಡ್ರಿಯ ಮೂವರೂ ಅದು ತಾನೇ ಎಂದು ಒಪ್ಪಿಕೊಂಡಾಗಿತ್ತು. "ಬಚ್ಚಿಡೋಳು ಇವ್ಳು ಸೋಪಣ್ಣ, ನಾನು ಬರೀ ಕಾವಲು ನಿಂತಿದ್ದು" ಎಂದಳು ಒಬ್ಬಳು. "ಹೌದೇನೇ? ಹೋಟೆಲ್ ದಿಂಬಿನ ಚೀಲದಲ್ಲಿ ಮನೆ ಕಿಟಕಿಗೆ ಪರದೆ ಹೊಲಿಸಿದ್ದು ಯಾರು?" ಎಂದಳು ಇನ್ನೊಬ್ಬಳು. ಅವರನ್ನು ಬಿಡಿಸಲು ಸೋಪು ಇಬ್ಬರಿಗೂ "ಆಯ್ತು, ಹೋಗಿ" ಅನ್ನಬೇಕಾಯಿತು. ಆ 'ಆಯ್ತು' ಲಾಂಡ್ರಿಯಲ್ಲೆಲ್ಲ ಹರಡಿತು.

ಎಲ್ಲರಿಗಿಂತ ಕಂಗಾಲಾದವನು ಒಣಗಿಸುವವನು. ಚೀಟಿಯಲ್ಲಿ ಅವನ ಸುದ್ದಿಯೇ ಇರಲಿಲ್ಲ. "ನನ್ನ ಬಗ್ಗೆ ಏನೂ ಬರೆದಿಲ್ವಲ್ಲ" ಎಂದು ಸೋಪುವಿನ ಮುಖವನ್ನೇ ನೋಡಿದ. "ಬೇರೆ ಚೀಟಿ ಇದೆಯಾ? ನಂದೇ ಒಂದು ಪೂರ್ತಿ ಚೀಟೀನಾ?" ಇಲ್ಲ ಎಂದಷ್ಟೂ ಅವನಿಗೆ ಅನುಮಾನ ಬೆಳೆಯಿತು. ಕೊನೆಗೆ ಯಾರೂ ಕೇಳದ ಏಳು ಕಾಲುಚೀಲದ ಕತೆ ಹೇಳಿ, ಹಗುರಾಗಿ ಹೋದ.

ಬೀಗದ ತಾತ ಮಾತ್ರ ಹತ್ತಿರ ಬರಲಿಲ್ಲ. 'ಹಿಂದಿನಿಂದ ಹೋಗಬೇಕು' ಎಂದಿತ್ತಲ್ಲ, ಅದಕ್ಕೆ ಬೆನ್ನನ್ನು ಗೋಡೆಗೆ ಅಂಟಿಸಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯತೊಡಗಿದ. ಗೋಡೆ ಇಲ್ಲದ ಕಡೆ ಹಿಮ್ಮುಖವಾಗಿ ನಡೆದ. ಸೋಪು ಕೆಮ್ಮಿದರೆ ತಾತನ ಸೊಂಟದಲ್ಲಿ ಕೀಲಿ ಗಲಗಲ ಅನ್ನುತ್ತಿತ್ತು.

ಸೋಪುವಿಗೆ ಮೊದಲು ಬಂದದ್ದು ಉರಿ. ಇವರ ಕಳ್ಳಬಟ್ಟೆಗೆಲ್ಲ ಸೋಪು ಹಾಕಿದವನು ತಾನು, ಕಳ್ಳ ಅನ್ನಿಸಿಕೊಂಡವನೂ ತಾನೇ! ಯಜಮಾನರು ಬರಲಿ, ಒಬ್ಬೊಬ್ಬರನ್ನೂ ಹಿಂಡಿ ಹಗ್ಗಕ್ಕೆ ಹಾಕುತ್ತೇನೆ ಅಂದುಕೊಂಡ. ಅಷ್ಟರಲ್ಲಿ ಕಿಟಕಿ ಪಕ್ಕದ ಕುರ್ಚಿ ಕಣ್ಣಿಗೆ ಬಿತ್ತು. ಅದರ ಮೇಲೆ ಬಿಸಿಲು ಬಿದ್ದಿತ್ತು. ಇಷ್ಟು ಜನ 'ಚಿನ್ನ' ಎಂದು ಸಾಕ್ಷಿ ಹೇಳಿದರೆ ಕುರ್ಚಿ ಎಲ್ಲಿಗೆ ಹೋಗುತ್ತದೆ? ಒಂದು ಸಲ ಕೂತ ಮೇಲೆ ಇವರಿಗೆಲ್ಲ ಮಾಡಿದರಾಯಿತು. ಉರಿಯನ್ನು ಹಾಗೇ ನುಂಗಿದ. ತಾತ ದೂರದಿಂದ, "ನಿನ್ನ ಬಗ್ಗೆ ಒಳ್ಳೇದೇ ಹೇಳ್ತೀನಿ ಕಣೋ, ನನ್ನ ಹಿಂದೆ ಮಾತ್ರ ಬರ್ಬೇಡ" ಎಂದು ಕೂಗಿದಾಗ, "ಸರಿ ತಾತ" ಎಂದುಬಿಟ್ಟ.

ಉಳಿದವನು ಮೇಸ್ತ್ರಿ, ಮತ್ತು ಅವನ ಜೇಬಿನ ಚೀಟಿ.

ಊಟದ ಹೊತ್ತಿಗೆ ಬುಟ್ಟಿಯಿಂದ ಫೋನ್ ತೆಗೆದು ಸೋಪು ಮೇಸ್ತ್ರಿಯ ಎದುರು ಹಿಡಿದ. "ನೀವೇ ನೋಡಿ. ಆಟ ಹೌದೋ ಅಲ್ವೋ?" ತೆರೆಯ ಮೇಲೆ ಬಂಗಲೆ ಬಂತು. ಹೊಟ್ಟೆ ಬಿಟ್ಟುಕೊಂಡ, ಮೀಸೆಯ ಕಾವಲುಗಾರನೊಬ್ಬ ಊಟದ ತಟ್ಟೆ ಸರಿಸಿ ಗೋಡೆಗೆ ಒರಗಿದ. ಸುತ್ತ ತಲೆ ತೂರಿಸಿದವರಲ್ಲಿ ಡ್ರೈವರಣ್ಣ ಮೊದಲು ಬಾಯಿಬಿಟ್ಟ. "ಅಯ್ಯೋ ಶಿವನೇ! ಮೇಸ್ತ್ರೀದೇ ವಿಡಿಯೋ ಮಾಡ್ಕೊಂಡಿದಾನೆ!"

ಕಪ್ಪು ಬಟ್ಟೆಯವನೊಬ್ಬ ನೆರಳಿನಿಂದ ಜಾರಿ ಬಂದು ಕಾವಲುಗಾರನ ಸೊಂಟಕ್ಕೆ ಕೈ ಹಾಕಿದ.

"ಅಭ್ಯಾಸ ಬೇರೆ ಮಾಡ್ತಿದಾನೆ" ಎಂದಳು ಜೇಬಕ್ಕ, ಭಯಕ್ಕೋ ಮೆಚ್ಚಿಗೆಗೋ ತಿಳಿಯದ ದನಿಯಲ್ಲಿ.

ಮೇಸ್ತ್ರಿ ತೆರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಊಟದ ಡಬ್ಬಿ ಮುಚ್ಚಿ, "ಸಂಜೆ ಯಜಮಾನ್ರಿಗೂ ತೋರಿಸುವಂತೆ" ಎಂದು ಎದ್ದುಹೋದ.

ಅವನು ಅತ್ತ ಹೋದದ್ದೇ ತಡ, ಎಲ್ಲರೂ ಸೋಪುವಿನ ಮೇಲೆ ಮುಗಿಬಿದ್ದರು. "ಆ ಚೀಟಿ ಯಜಮಾನರ ಕೈಗೆ ಹೋಗ್ಬಾರ್ದು. ನೀನೇ ತೆಗೀಬೇಕು."

"ನಾನ್ಯಾಕೆ?"

"ನಿಂಗೆ ತಾನೇ ಬರೋದು!" ಎಂದರು ಒಟ್ಟಿಗೆ.

ಊಟವಾದ ಮೇಲೆ ಮೇಸ್ತ್ರಿ ದೊಡ್ಡ ಇಸ್ತ್ರಿ ಮೆಷಿನ್ನಿನ ಪಕ್ಕದ ಗೋಡೆಗೆ ಒರಗಿ ಕಣ್ಣು ಮುಚ್ಚುವುದು ದಿನದ ವಾಡಿಕೆ. ಇವತ್ತೂ ಒರಗಿದ. ಅಂಗಿ ಜೇಬಿನಿಂದ ಚೀಟಿಯ ಮೂಲೆ ಇಣುಕುತ್ತಿತ್ತು. ಸೋಪು ರಬ್ಬರ್ ಚಪ್ಪಲಿ ಕಳಚಿಟ್ಟ, ಒದ್ದೆ ನೆಲದ ಮೇಲೆ ಅದು ಇಲಿಮರಿಯ ಹಾಗೆ ಕಿರುಚುತ್ತಿತ್ತು. ಹೋಟೆಲಿನ ಟವಲ್ಲುಗಳನ್ನು ಒಂದರ ಮುಂದೊಂದು ಹಾಸಿ ರತ್ನಗಂಬಳಿ ಮಾಡಿಕೊಂಡ. ಒಣಗಿಸುವವನು ಸನ್ನೆ ಕಂಡು ಆವಿಯ ಕೊಳವೆ ತಿರುಗಿಸಿದ. ಬಿಳಿ ಆವಿ ಬುಸ್ ಎಂದು ತುಂಬಿತು. ಸೋಪು ಬಗ್ಗಿ, ಮೊಣಕಾಲೂರಿ, ಮನಸ್ಸಿನಲ್ಲೇ ಎಣಿಸುತ್ತಾ ಹೊರಟ. ಒಂಬತ್ತಕ್ಕೆ ಮೆಷಿನ್ ದಾಟಿದ. ಹದಿನಾಲ್ಕಕ್ಕೆ ಮೇಸ್ತ್ರಿಯ ಉಸಿರು ಕೆನ್ನೆಗೆ ತಾಗಿತು. ಹದಿನಾರಕ್ಕೆ ಎರಡು ಬೆರಳಲ್ಲಿ ಚೀಟಿ ಹಿಡಿದ. ಅದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು.

ಹದಿನೇಳಕ್ಕೆ, ಆವಿಯೊಳಗಿಂದ ಹಿಮ್ಮುಖವಾಗಿ ನಡೆದು ಬರುತ್ತಿದ್ದ ಬೀಗದ ತಾತ ಸೋಪುವಿನ ಮೇಲೆ ದಬಕ್ಕನೆ ಕೂತ.

"ಹಿಂದಿನಿಂದಲೇ ಬಂದ್ನಲ್ಲಪ್ಪೋ!" ಎಂದು ತಾತ ಅರಚಿದ ಅರಚಾಟಕ್ಕೆ ಆವಿಯೇ ಎರಡು ಹೋಳಾಯಿತು. ಸೋಪು ನುಸುಳಿ, ಪಕ್ಕದಲ್ಲಿದ್ದ ಬಟ್ಟೆಗಾಡಿಗೆ ಹಾರಿ, ಕಪ್ಪು ಕೋಟುಗಳ ರಾಶಿಯೊಳಗೆ ಹೂತುಹೋದ. ಅವನು ಒಳಗಿರುವುದನ್ನು ಅರಿಯದ ಡ್ರೈವರಣ್ಣ ಗಾಡಿಯನ್ನು ಉರುಳಿಸಿಕೊಂಡು ಎರಡನೇ ಮೆಷಿನ್ನಿನ ಬಾಯಿಗೆ ತಂದು, ಕೋಟುಗಳನ್ನು ತೆಕ್ಕೆತೆಕ್ಕೆಯಾಗಿ ಒಳಗೆ ತುಂಬತೊಡಗಿದ. ನಾಲ್ಕನೇ ತೆಕ್ಕೆಗೆ ಸೋಪುವಿನ ಕಾಲು ಸಿಕ್ಕಿತು.

"ಇದ್ಯಾವನದೋ ಕೋಟಲ್ಲಿ ಮನುಷ್ಯನೂ ಉಳಿದಿದಾನಲ್ಲ!"

"ಶ್ಶ್! ನಾನೇ!" ದೂರದಲ್ಲಿ ಮೇಸ್ತ್ರಿಯ ದನಿ ಕೇಳಿಸಿತು. ಹೊರಬಿದ್ದ ಸೋಪುವಿಗೆ ಮತ್ತೇನೂ ತೋಚಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಮೆಷಿನ್ನಿಗೆ ಎಸೆದು, ಬಾಗಿಲು ಮುಚ್ಚಿ, ಗುಂಡಿ ಒತ್ತಿದ. ಕುದಿನೀರು ಧೋ ಎಂದು ನುಗ್ಗಿತು. ಚೀಟಿಯ ಕತೆ ಮುಗಿಯಿತು ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ.

ಮುಗಿದದ್ದು ಚೀಟಿಯಾಗಿ ಮಾತ್ರ. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆದಾಗ ನಲವತ್ತು ಕಪ್ಪು ಕೋಟುಗಳೂ ಬೂದಿಯಲ್ಲಿ ಹೊರಳಾಡಿದ ನಾಯಿಗಳ ಹಾಗೆ ಹೊರಬಂದವು. ಲಾಂಡ್ರಿಯಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಮಾಡಿದವನು ಸ್ವತಃ ಮೆಷಿನ್ ನೋಡುವವನು. ಯಜಮಾನರು ಬರಲು ಒಂದೂವರೆ ಗಂಟೆ ಉಳಿದಿತ್ತು.

ಆಗ ಆ ಲಾಂಡ್ರಿ ಹುಟ್ಟಿದಾಗಿನಿಂದ ನಡೆಯದ್ದು ನಡೆಯಿತು. ಆ ಬಿಳಿ ಚೂರುಗಳಲ್ಲಿ ತಂತಮ್ಮ ಗುಟ್ಟೂ ಇದೆ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ಜೇಬಕ್ಕ ಬ್ರಷ್ಷು ತಂದಳು, ಗುಮಾಸ್ತ ಕನ್ನಡಕ ತೆಗೆದು ಕೋಟಿಗೆ ಮೂಗು ತಾಗಿಸಿ ಕೂತ, ತಾತ ಕೂಡ ಗೋಡೆಗೆ ಒರಗಿಕೊಂಡೇ ಒಂದು ಕೋಟು ಇಸಿದುಕೊಂಡ. ಏಳು ಜನರೂ ಸೋಪುವಿನ ಸುತ್ತ ಕೂತು, ಮಕ್ಕಳ ತಲೆಯಲ್ಲಿ ಹೇನು ಹೆಕ್ಕುವ ಶ್ರದ್ಧೆಯಿಂದ ಕೋಟಿನ ಚೂರು ಹೆಕ್ಕಿದರು. ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತ. ಜೇಬು ಮುಟ್ಟಿ ನೋಡಿಕೊಂಡ. ಆಮೇಲೆ ತಿರುಗಿ ಇಸ್ತ್ರಿ ಮಾಡಲು ಹೋದ. ಸೋಪುವಿಗೆ ಅದು ಸ್ವಲ್ಪ ವಿಚಿತ್ರ ಅನ್ನಿಸಿತು. ಯೋಚಿಸಲು ಪುರುಸೊತ್ತಿರಲಿಲ್ಲ.

ಐದಕ್ಕೆ ಯಜಮಾನರು ಬಂದಾಗ ಕೊನೆಯ ಕೋಟು ಇನ್ನೂ ತೊಡೆಯ ಮೇಲಿತ್ತು. ಅವರು ಬಾಗಿಲಲ್ಲೇ ನಿಂತು ಆ ದೃಶ್ಯವನ್ನು ನೋಡಿದರು. ತೆಳ್ಳಗಿನ, ಬಿಳಿ ಅಂಗಿಯ, ನಗು ಬಂದರೆ ಅದನ್ನೂ ಎರಡು ಸಲ ಪರೀಕ್ಷಿಸಿ ಬಿಡುವ ಮನುಷ್ಯ.

"ಏನಿದು, ಎಲ್ರೂ ಒಟ್ಟಿಗೆ ಕೂತಿದೀರಾ?"

"ಸೋಪುಗೆ ಒಂಚೂರು ಸಹಾಯ ಸಾರ್" ಎಂದ ಗುಮಾಸ್ತ.

ಯಜಮಾನರ ಹುಬ್ಬು ಒಂದು ಎಳೆ ಮೇಲಕ್ಕೆ ಹೋಯಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ಉಗ್ರಾಣಕ್ಕೆ ಸೋಪುನ ಹಾಕ್ಬೇಕು ಅಂತಿದೀನಿ. ಹ್ಯಾಗೆ ಇವನು?"

"ಚಿನ್ನ ಸಾರ್" ಎಂದಳು ಜೇಬಕ್ಕ. "ಇಂಥಾ ಪ್ರಾಮಾಣಿಕನನ್ನ ನಾನು ನೋಡೇ ಇಲ್ಲ" ಎಂದ ಗುಮಾಸ್ತ. "ನಮ್ಮ ಸಾಲಲ್ಲೂ ಇವನ ಹೆಸರೇ ಸಾರ್" ಎಂದ ಡ್ರೈವರಣ್ಣ, ಆಮೇಲೆ ನಾಲಿಗೆ ಕಚ್ಚಿಕೊಂಡ. ಮಡಿಸುವವರು ಒಬ್ಬಳ ಮಾತಿಗೆ ಒಬ್ಬಳು ಮಾತು ಪೋಣಿಸಿದರು. ಒಣಗಿಸುವವನಿಗೆ ಕಣ್ಣೀರೇ ಬಂತು. ತಾತ ಕೂಡ, "ಹುಡುಗ ಒಳ್ಳೆಯವನು" ಎಂದ, ಬೆನ್ನು ಗೋಡೆಗೆ ಇಟ್ಟುಕೊಂಡೇ.

ಸೋಪು ತಲೆ ತಗ್ಗಿಸಿ ನಿಂತಿದ್ದ. ಫೋಟೋದಲ್ಲಿ ಕಾಲ ಮೇಲೆ ಕಾಲು ಹಾಕಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದ.

"ನೀನೇನಂತೀಯೋ ಮೇಸ್ತ್ರಿ?"

"ಕಳ್ಳ ಸಾರ್" ಎಂದ ಮೇಸ್ತ್ರಿ. "ಬೆಳಗ್ಗೆ ಒಂದು ಚೀಟಿ ಸಿಕ್ಕಿತ್ತು. ಈ ಕಟ್ಟಡದ ಪೂರ್ತಿ ಜಾತಕ ಬರ್ದಿಟ್ಕೊಂಡಿದ್ದ."

"ಎಲ್ಲಿ ಚೀಟಿ?"

"ನನ್ನ ಜೇಬಲ್ಲಿತ್ತು. ಈಗಿಲ್ಲ."

"ಯಾವ ಚೀಟಿ?" ಎಂದಳು ಜೇಬಕ್ಕ ಮುಗ್ಧಳಾಗಿ. "ಇವತ್ತು ಯಾವ ಜೇಬಲ್ಲೂ ಏನೂ ಸಿಕ್ಕಿಲ್ಲ ಸಾರ್." ಉಳಿದವರೂ ಇಲ್ಲ, ಇಲ್ಲ ಎಂದು ತಲೆಯಾಡಿಸಿದರು.

ಯಜಮಾನರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಹಾಗಾದ್ರೆ ಮೇಸ್ತ್ರಿ ಹ್ಯಾಗೆ?"

ಇದಕ್ಕೇ ಕಾದಿದ್ದಂತೆ ಎಲ್ಲರ ಬಾಯೂ ಕಟ್ಟೆಯೊಡೆಯಿತು. ಸೋಪುವಿಗೆ ಇನ್ನಷ್ಟು ಒಳ್ಳೆಯದಾಗಲಿ ಎಂಬ ಉತ್ಸಾಹ ಬೇರೆ. "ರಾಕ್ಷಸ ಸಾರ್, ಒಂದು ಟವಲ್ ಕೇಳಿದ್ರೆ ಜನ್ಮ ಜಾಲಾಡ್ತಾನೆ." "ಯಾರನ್ನೂ ನಂಬಲ್ಲ." "ನಾವು ಹೋಗೋವಾಗ ಚೀಲ ಇಣುಕಿ ನೋಡ್ತಾನೆ." "ಇವನ ಮುಖ ಕಂಡ್ರೆ ನನ್ನ ಹಲ್ಲು ನೋಯುತ್ತೆ" ಎಂದ ತಾತ.

"ತಾತಾ, ಕೀಲಿ ಕೊಡು" ಎಂದರು ಯಜಮಾನರು. ತಾತ ಸೊಂಟದಿಂದ ಗೊಂಚಲು ಬಿಚ್ಚಿದ. ಸೋಪು ಎರಡೂ ಕೈ ಕೋಟಿಗೆ ಒರೆಸಿಕೊಂಡು ಮುಂದೆ ಚಾಚಿದ. ಗೊಂಚಲು ಅವನ ಕೈಯ ಮೇಲಿಂದ ಹಾದು ಮೇಸ್ತ್ರಿಯ ಕೈಗೆ ಹೋಯಿತು.

"ಸಾರ್!" ಎಂದರು ಏಳು ಜನ.

"ಹತ್ತೊಂಬತ್ತು ವರ್ಷ ಈ ತಾತನ ಬಗ್ಗೆ ನಂಗೆ ವಾರಕ್ಕೊಂದು ದೂರು ಬಂದಿದೆ" ಎಂದರು ಯಜಮಾನರು. "ಉಗ್ರಾಣದಿಂದ ಒಂದು ಕರವಸ್ತ್ರಾನೂ ಹೋಗಿಲ್ಲ. ಕೀಲಿ ಇಟ್ಕೊಳ್ಳೋನನ್ನ ಕಂಡ್ರೆ ಎಲ್ರಿಗೂ ಮೈ ಉರೀಬೇಕು. ಕೀಲಿ ಸಿಗೋ ಮುಂಚೆನೇ ಏಳು ಜನ ಇವನನ್ನ ಚಿನ್ನ ಅಂತಿದಾರೆ, ಕೂತು ಇವನ ಕೆಲಸ ಮಾಡ್ಕೊಡ್ತಿದಾರೆ. ಅಂದ್ರೆ ಸಿಕ್ಕಿದ ಮೇಲೆ ಬಾಗಿಲು ಯಾರ್ಯಾರಿಗೆ ತೆಗೀಬೇಕು ಅಂತ ಆಗ್ಲೇ ಮಾತಾಗಿದೆ." ಸೋಪುವಿನ ಕಡೆ ತಿರುಗಿ, "ನೀನು ಮೆಷಿನ್ ಹತ್ರಾನೇ ಇರಪ್ಪ. ನಿನ್ನ ಮೇಲೆ ಒಂದು ಕಣ್ಣಿರ್ಲಿ ಮೇಸ್ತ್ರಿ" ಎಂದು ಹೊರಟೇಹೋದರು.

ಎಲ್ಲರೂ ಮೆಲ್ಲಗೆ ಕರಗಿದರು. ಬೆಳಗಿನಿಂದ ಬಹುವಚನ ಹಚ್ಚಿದ್ದ ಗುಮಾಸ್ತ, "ಹೋಗ್ಲಿ ಬಿಡೋ" ಎಂದು ಏಕವಚನಕ್ಕಿಳಿದು ಚೀಲ ಹೆಗಲಿಗೇರಿಸಿದ. ಜೇಬಕ್ಕ ನಾಲ್ಕು ಬಣ್ಣದ ಪೆನ್ನಿನ ಮಾತೆತ್ತಲಿಲ್ಲ.

ಸೋಪು ಬುಟ್ಟಿಯಿಂದ ಫೋನ್ ತೆಗೆದುಕೊಂಡು ಗೇಟಿನ ಹತ್ತಿರ ಬಂದಾಗ ಹಿಂದೆ ಕೀಲಿಯ ಸದ್ದಾಯಿತು.

"ನಿಲ್ಲೋ" ಎಂದ ಮೇಸ್ತ್ರಿ. ದನಿಯಲ್ಲಿ ಬೆಳಗಿನ ಗಡಸು ಇರಲಿಲ್ಲ. "ನಾನು ನಿದ್ದೆ ಮಾಡಿರ್ಲಿಲ್ಲ ಕಣೋ. ಜೇಬಿಂದ ಅರ್ಧ ಹೊರಗೆ ಎಳೆದಿಟ್ಟವನೇ ನಾನು. ಅಷ್ಟಾದ್ರೂ ನೀನು ಬರೋದು ತಡವಾಯ್ತು, ಕಣ್ಣು ಮುಚ್ಚಿ ಮುಚ್ಚಿ ಸಾಕಾಯ್ತು ನಂಗೆ."

ಸೋಪು ನಿಂತ.

"ಆ ಚೀಟಿ ಯಜಮಾನರ ಕೈಗೆ ಕೊಟ್ಟಿದ್ರೆ ಏನಾಗ್ತಿತ್ತು ಗೊತ್ತಾ? ಇಪ್ಪತ್ತು ವರ್ಷದಿಂದ ಅವರನ್ನ ನೋಡಿದೀನಿ. ಇಷ್ಟು ಜನರ ಮೇಲೆ ಇಷ್ಟು ಕಣ್ಣಿಟ್ಟೋನು ಸಿಕ್ಕಿದ್ನಲ್ಲಾ ಅಂತ, ಓದಿ ಮುಗಿಸೋದ್ರೊಳಗೆ ಕೀಲಿ ನಿನ್ನ ಕೈಲಿಡ್ತಿದ್ರು. ಅದಕ್ಕೇ ಅದು ಹೋಗ್ಬೇಕಿತ್ತು. ನಾನೇ ಹರಿದು ಹಾಕಿದ್ರೆ ಅವರೆಲ್ಲ ನಿನ್ನ ಇಷ್ಟು ಹೊಗಳ್ತಿರ್ಲಿಲ್ಲ. ನೀನು ತೆಗೆದ್ರೆ ಹೊಗಳ್ತಾರೆ, ಹೊಗಳಿಸ್ಕೊಂಡೋನಿಗೆ ಯಜಮಾನ್ರು ಕೀಲಿ ಕೊಡಲ್ಲ." ಮೇಸ್ತ್ರಿ ಮೊಣಕಾಲು ಸವರಿಕೊಂಡ. "ನಿಂಗೆ ಇನ್ನೂ ವಯಸ್ಸಿದೆ ಬಿಡು. ನಂಗೆ ಕೂರ್ಬೇಕಿತ್ತು ಕಣೋ, ನಿಂತು ನಿಂತು ಕಾಲು ತಡೆಯಲ್ಲ ಈಗ."

ಬೀದಿಯಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಸೋಪುವಿನ ಕೈಯಲ್ಲಿ ಫೋನ್ ನಡುಗಿತು. ಭಾವ. ಅವನು ಅದನ್ನು ಎತ್ತಲಿಲ್ಲ.

"ಏನೋ, ಬಯ್ಯೋದಾದ್ರೂ ಬಯ್ಯೋ. ಬೆಳಗ್ಗೆಯಿಂದ ಬಾಯಿ ತುಂಬ ಇಟ್ಕೊಂಡಿದೀಯ" ಎಂದ ಮೇಸ್ತ್ರಿ.

ಸೋಪು ಅವನ ಮುಖವನ್ನೊಮ್ಮೆ, ಕೀಲಿಯನ್ನೊಮ್ಮೆ ನೋಡಿದ. ಫೋನನ್ನು ಜೇಬಿಗೆ ಹಾಕಿಕೊಂಡು ಗೇಟು ದಾಟಿ ನಡೆದ. ಹಿಂದಿನಿಂದ ಮೇಸ್ತ್ರಿ ಇನ್ನೂ ಎರಡು ಸಲ ಕರೆದದ್ದು ಕೇಳಿಸಿತು. ಅವನು ತಿರುಗಲಿಲ್ಲ.